ಕಡಲಡಿಯ ಪಾಠವೂ ಕಲಿಯುವವನ ಅಳುಕೂ

‘ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು’ ಎಂಬ ಗಾದೆ ಬದುಕಿನ ಎಷ್ಟೋ ಸಂದರ್ಭಗಳಿಗೆ ಒಪ್ಪುವಂಥದು. ನಿಜವಾದ ನೀರಿಗೆ ಮಾತ್ರ ಅದು ಅಷ್ಟಾಗಿ ಒಪ್ಪುವುದಿಲ್ಲ. ನೀರು ಗಾಳಿಗಿಂತ ಸುಮಾರು 24 ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಆದುದರಿಂದ ಚಳಿಯ ವಿಚಾರ ಆರಂಭವಾಗುವುದೇ ನೀರಿಗಿಳಿದ ಮೇಲೆ. ಈ ಗಾದೆಯನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಈಚಿನ ವರ್ಷಗಳಲ್ಲಿ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಕಾಲೇಜು ವಿದ್ಯಾರ್ಥಿಗಳಲ್ಲಿ ಕಡಲೊಳಗೆ ಮುಳುಗಿ ನೋಡುವ ಆಸೆ ಬೆಳೆದಿದೆ. ಶಿರೂರು, ಭಟ್ಕಳಗಳನ್ನು ದಾಟಿದರೆ ಮುರುಡೇಶ್ವರ; ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಸಾಗಿದರೆ ನೇತ್ರಾಣಿ ದ್ವೀಪ. ಅದರ ಸುತ್ತಣ ನೀರಿನಲ್ಲಿ ಹವಳವುಂಟು, ಬಣ್ಣಬಣ್ಣದ ಮೀನುಗಳುಂಟು. ಅಲ್ಲಿ ಸ್ಕೂಬಾ ಉಪಕರಣವನ್ನು ತೊಟ್ಟು ಮುಳುಗುವುದನ್ನು ಕಲಿಸಿ ಪ್ರಮಾಣಪತ್ರ ಕೊಡುವವರೂ ಇದ್ದಾರೆ. ಕಲಿಯಲು ಹೋಗಿಬಂದ ಹುಡುಗ ಹುಡುಗಿಯರಲ್ಲಿ ಕೆಲವರು ನನ್ನೊಡನೆ ತಗ್ಗಿದ ದನಿಯಲ್ಲಿ ಹೇಳಿಕೊಂಡ ಮಾತು ಒಂದೇ: ‘ನಾನು ಇದಕ್ಕೆ ಇನ್ನೂ ಸಿದ್ಧನಾಗಿಲ್ಲ ಎನಿಸಿತು.’ ಇದನ್ನು ಗೆಳೆಯರ ಮುಂದೆ ಹೇಳಿದರೆ ದೊರೆಯುವ ಉತ್ತರ ಮೇಲಿನ ಗಾದೆ. ಆ ಉತ್ತರ ಸರಿಯಲ್ಲವೆಂದೂ, ಆ ಅಳುಕು ಬಹಳ ವೇಳೆ ಒಂದು ಸರಿಯಾದ ಅಳತೆಯೆಂದೂ ನನ್ನ ಅಭಿಪ್ರಾಯ.

ಮೊದಲು ಉಪಕರಣದ ಮಾತು. ನೀರೊಳಗೆ ಉಸಿರಾಡಲು ಬೇಕಾದುದೆಲ್ಲವನ್ನೂ ತನ್ನಲ್ಲೇ ಹೊಂದಿರುವ ಸಾಧನ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ‘ಸ್ಕೂಬಾ’ ಎಂಬ ಹೆಸರು ಆಗಿದೆ. ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿ ವಾಯುಮಂಡಲದ ಒತ್ತಡಕ್ಕಿಂತ ಸುಮಾರು 200 ಪಟ್ಟು ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ತುಂಬಿರುತ್ತಾರೆ. ಅದು ನಾವೆಲ್ಲ ಸೇವಿಸುವ ಸಾಮಾನ್ಯ ಗಾಳಿ. ‘ಆಮ್ಲಜನಕದ ಸಿಲಿಂಡರ್’ ಎಂದು ಪತ್ರಿಕೆಗಳಲ್ಲಿ ಅಚ್ಚಾಗುವುದನ್ನು ಕಂಡಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಶುದ್ಧ ಆಮ್ಲಜನಕವನ್ನು ಕೆಲವೇ ಮೀಟರ್ ಆಳದ ಕೆಳಗೆ ಸೇವಿಸಿದರೆ ಅದೇ ವಿಷವಾಗಬಲ್ಲದು. ಸಿಲಿಂಡರಿನ ಗಾಳಿಯನ್ನು ಹಾಗೆಯೇ ಬಾಯಿಗೆ ಬಿಡುವಂತಿಲ್ಲವಷ್ಟೆ. ಮುಳುಗುಗಾರನು ಯಾವ ಆಳದಲ್ಲಿರುವನೋ ಆ ಆಳದ ನೀರಿನ ಒತ್ತಡಕ್ಕೆ ಸರಿಸಮನಾಗಿ, ಅವನು ಉಸಿರೆಳೆದಾಗ ಮಾತ್ರ, ಗಾಳಿಯನ್ನು ಒದಗಿಸುವ ರೆಗ್ಯುಲೇಟರ್ ಒಂದು ನಡುವೆ ಇರುತ್ತದೆ. ಇದನ್ನು 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಎಂಬಿಬ್ಬರು ಬಳಕೆಗೆ ತಂದರು. ಈ ಕಿರಿಯ ಯಂತ್ರದ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಕೊಡುವುದು ಸುತ್ತಲ ನೀರಿನಷ್ಟೇ ಒತ್ತಡದ ಗಾಳಿ. ಮುಂದಿನ ಸುಖವೂ ಅಪಾಯವೂ ಇದರಿಂದಲೇ ಹುಟ್ಟುವುವು.

ನೇತ್ರಾಣಿಗೆ ಹೋಗುವವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೆಂದು ತಿಳಿಯುತ್ತಾರೆ. ಒಂದು, ಬೆಳಗ್ಗೆ ಸ್ವಲ್ಪ ಹೊತ್ತು ತಿಳಿವಳಿಕೆ ಕೊಟ್ಟು, ಶಿಕ್ಷಕನೇ ಜೊತೆಯಲ್ಲಿ ಹಿಡಿದುಕೊಂಡು ಇಳಿಸಿ, ಮೀನು ತೋರಿಸಿ, ಚಿತ್ರ ತೆಗೆದು ಮೇಲಕ್ಕೆ ತರುವ ಪರಿಚಯದ ಮುಳುಗು. ಇಲ್ಲಿ ಕೆಲಸವೆಲ್ಲ ಶಿಕ್ಷಕನದು. ಅತಿಥಿಯ ಕರ್ತವ್ಯ ಉಸಿರಾಡುವುದು, ಕಿವಿಯ ಒತ್ತಡವನ್ನು ಸರಿದೂಗಿಸಿಕೊಳ್ಳುವುದು, ಏನನ್ನೂ ಮುಟ್ಟದಿರುವುದು. ಇನ್ನೊಂದು, ಸಾಮಾನ್ಯವಾಗಿ ಮೂರು ನಾಲ್ಕು ದಿನ ನಡೆಯುವ ಪ್ರಾರಂಭಿಕರ ಶಿಕ್ಷಣ. ಇದರಲ್ಲಿ ಪುಸ್ತಕದ ಪಾಠ, ಕೊಳದಲ್ಲೋ ಆಳವಿಲ್ಲದ ನೀರಿನಲ್ಲೋ ಅಭ್ಯಾಸ, ಆ ಬಳಿಕ ತೆರೆದ ನೀರಿನಲ್ಲಿ ನಾಲ್ಕು ಮುಳುಗುಗಳು. ಇದನ್ನು ಮುಗಿಸಿದವನಿಗೆ ಕಾರ್ಡು ದೊರೆಯುತ್ತದೆ. ಆ ಕಾರ್ಡು ಏನನ್ನು ಹೇಳುತ್ತದೆಂಬುದನ್ನು ಎಷ್ಟು ಜನ ಗಮನಿಸಿದ್ದಾರೆ? ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್ಒ ತನ್ನ 24801ನೆಯ ಮಾನಕದ ಎರಡನೆಯ ಭಾಗದಲ್ಲಿ ಈ ಮಟ್ಟದವನನ್ನು ‘ಸ್ವತಂತ್ರ ಮುಳುಗುಗಾರ’ ಎಂದು ಕರೆಯುತ್ತದೆ. ಎಂದರೆ, ತಾನು ಕಲಿತಂಥ ಸನ್ನಿವೇಶಗಳಲ್ಲಿ, ತನ್ನಂತೆಯೇ ಕಲಿತ ಇನ್ನೊಬ್ಬ ಸಂಗಾತಿಯೊಡನೆ, ಶಿಕ್ಷಕನ ಮೇಲ್ವಿಚಾರಣೆಯಿಲ್ಲದೆ, ಸುಮಾರು 18ರಿಂದ 20 ಮೀಟರ್ ಆಳದವರೆಗೆ ಹೋಗಿ ಮರಳಬಲ್ಲವನು ಎಂದು ಅರ್ಥ. ಹದಿನೆಂಟು ಮೀಟರ್ ಎಂದರೆ ಐದಂತಸ್ತಿನ ಕಟ್ಟಡದ ಎತ್ತರ. ಮೂರು ದಿನಗಳ ಹಿಂದೆ ರೆಗ್ಯುಲೇಟರನ್ನು ಕಂಡೇ ಇರದವನ ಬಗ್ಗೆ ಇದು ಸಣ್ಣ ಮಾತಲ್ಲ. ಈ ಮಾತು ನನಗೆ ಸಲ್ಲುತ್ತದೆಯೆ ಎಂದು ಒಬ್ಬ ವಿದ್ಯಾರ್ಥಿ ಕೇಳಿಕೊಂಡರೆ ಅವನನ್ನು ಅಂಜುಬುರುಕನೆನ್ನಲು ನಾನು ಸಿದ್ಧನಿಲ್ಲ.

ನಮ್ಮ ಸೀಮೆಯ ಮಕ್ಕಳಿಗೆ ನೀರು ಹೊಸದಲ್ಲ ಎಂದು ಹಲವರು ಹೇಳುತ್ತಾರೆ. ನಿಜ. ಗಂಗೊಳ್ಳಿಯ ಬಳಿ ಐದು ಹೊಳೆಗಳು ಕೂಡಿ ಕಡಲು ಸೇರುವ ಅಳಿವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಬ್ರಹ್ಮಾವರದ ಕಡೆ ಸೀತೆ, ಸ್ವರ್ಣೆ. ಹೊಳೆ, ಕೆರೆ, ಮದಗಗಳಲ್ಲಿ ಈಜು ಕಲಿಯದ ಹುಡುಗರು ಹಿಂದೆ ಅಪರೂಪವಾಗಿದ್ದರು. ಬಂಡೆಗೆ ಕಚ್ಚಿಕೊಂಡ ಪಚ್ಚಿಲೆಯನ್ನು ಕೀಳಲು ಉಸಿರು ಕಟ್ಟಿ ಮುಳುಗುವವರು ಇಂದಿಗೂ ಇದ್ದಾರೆ. ಆದರೆ ಸ್ವಾರಸ್ಯವಿರುವುದು ಇಲ್ಲಿಯೇ. ಹೊಳೆಯಲ್ಲಿ ಕಲಿತ ವಿದ್ಯೆಯ ಮೊದಲ ಸೂತ್ರ, ತಲೆ ನೀರಿನೊಳಗೆ ಹೋದೊಡನೆ ಉಸಿರು ಕಟ್ಟು ಎಂಬುದು. ಸ್ಕೂಬಾ ವಿದ್ಯೆಯ ಮೊದಲ ಸೂತ್ರ, ಎಂದೆಂದಿಗೂ ಉಸಿರು ಕಟ್ಟಬೇಡ ಎಂಬುದು. ಐದನೆಯ ವಯಸ್ಸಿನಿಂದ ಮೈಗೂಡಿದ ಅಭ್ಯಾಸವನ್ನು ಮೂರು ದಿನಗಳಲ್ಲಿ ತಲೆಕೆಳಗು ಮಾಡಬೇಕು. ಒಳ್ಳೆಯ ಈಜುಗಾರನಿಗೆ ಅಳುಕು ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನು?

ಈ ಸೂತ್ರದ ಹಿಂದಿರುವುದು ಪ್ರತಿಯೊಬ್ಬ ಪಿ.ಯು.ಸಿ. ವಿದ್ಯಾರ್ಥಿಯೂ ಪರೀಕ್ಷೆಗೆಂದು ಉರುಹಚ್ಚಿದ ಬಾಯ್ಲನ ನಿಯಮ. ಉಷ್ಣತೆ ಬದಲಾಗದಿದ್ದರೆ, ಅನಿಲದ ಒತ್ತಡವನ್ನು ಅದರ ಗಾತ್ರದಿಂದ ಗುಣಿಸಿದ ಮೊತ್ತವು ಬದಲಾಗದು. ರಾಬರ್ಟ್ ಬಾಯ್ಲ್ ಇದನ್ನು 1662ರಲ್ಲಿ ಪ್ರಕಟಿಸಿದ. ಕಡಲಿನಲ್ಲಿ ಸುಮಾರು 10 ಮೀಟರ್ ಇಳಿದರೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ಮೇಲೆ ಒಂದು ಪಾಲು, 10 ಮೀಟರಿನಲ್ಲಿ ಎರಡು ಪಾಲು, 20 ಮೀಟರಿನಲ್ಲಿ ಮೂರು ಪಾಲು. ಪಚ್ಚಿಲೆ ಕೀಳುವವನು ಮೇಲೆ 6 ಲೀಟರ್ ಗಾಳಿ ಎಳೆದು 10 ಮೀಟರ್ ಇಳಿದರೆ ಆ ಗಾಳಿ 3 ಲೀಟರಿಗೆ ಕುಗ್ಗುತ್ತದೆ, ಮೇಲೆ ಬಂದಾಗ ಮತ್ತೆ 6 ಲೀಟರಾಗುತ್ತದೆ, ಲೆಕ್ಕ ಸರಿಹೋಯಿತು. ಸ್ಕೂಬಾ ತೊಟ್ಟವನ ಲೆಕ್ಕವೇ ಬೇರೆ. ಅವನು 10 ಮೀಟರ್ ಆಳದಲ್ಲಿಯೇ 6 ಲೀಟರ್ ಗಾಳಿಯನ್ನು, ಎರಡು ಪಾಲು ಒತ್ತಡದಲ್ಲಿ, ಎಳೆದುಕೊಂಡಿದ್ದಾನೆ. ಅವನೇನಾದರೂ ಗಾಬರಿಯಿಂದ ಉಸಿರು ಕಟ್ಟಿ ಮೇಲಕ್ಕೆ ಚಿಮ್ಮಿದರೆ ಆ ಗಾಳಿ 12 ಲೀಟರಾಗಲು ಹವಣಿಸುತ್ತದೆ. ಪುಪ್ಪುಸದಲ್ಲಿ ಅಷ್ಟು ಸ್ಥಳವಿಲ್ಲ. ಅದು ಹರಿದು, ಗಾಳಿಯ ಗುಳ್ಳೆಗಳು ರಕ್ತನಾಳವನ್ನು ಹೊಕ್ಕು ಮಿದುಳನ್ನು ಮುಟ್ಟಬಲ್ಲುವು. ಇದಕ್ಕೆ 10 ಮೀಟರ್ ಆಳವೇ ಬೇಕೆಂದಿಲ್ಲ. ತುಂಬಿದ ಪುಪ್ಪುಸಕ್ಕೆ ಒಂದು ಮೀಟರಿಗೆ ತುಸು ಮಿಕ್ಕಿದ ಏರಿಕೆಯೇ ಸಾಕೆಂದು ವೈದ್ಯರು ಬಲ್ಲರು. ಆಳುದ್ದ ನೀರು ಸುರಕ್ಷಿತ, ಆಳ ಹೆಚ್ಚಿದಂತೆ ಅಪಾಯ ಎಂಬ ನಮ್ಮ ಎಣಿಕೆ ಇಲ್ಲಿ ಪೂರ್ತಿ ಸಲ್ಲದು: 40 ಮೀಟರಿನಿಂದ 30 ಮೀಟರಿಗೆ ಏರಿದರೆ ಗಾಳಿ ಹಿಗ್ಗುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ, 10 ಮೀಟರಿನಿಂದ ಮೇಲಕ್ಕೆ ಬಂದರೆ ಅದು ಇಮ್ಮಡಿ. ಪ್ರಾರಂಭಿಕನನ್ನು ಅಭ್ಯಾಸಕ್ಕೆ ಕರೆದೊಯ್ಯುವುದು ಈ ಮೇಲಣ 10 ಮೀಟರಿಗೇ ಎಂಬುದನ್ನು ಗಮನಿಸಿರಿ.

ಆದುದರಿಂದ ಸಿದ್ಧತೆಯ ಕೊರತೆ ಎಂಬುದು ಇಲ್ಲಿ ಅಂಕಗಳ ಕೊರತೆಯಂಥದಲ್ಲ. ಸಿದ್ಧನಲ್ಲದವನು ಗಾಬರಿಗೊಳ್ಳುತ್ತಾನೆ, ಗಾಬರಿಗೊಂಡವನು ಹಳೆಯ ಅಭ್ಯಾಸಕ್ಕೆ ಮರಳುತ್ತಾನೆ, ಹಳೆಯ ಅಭ್ಯಾಸವೆಂದರೆ ಉಸಿರು ಕಟ್ಟಿ ಬೆಳಕಿನ ಕಡೆಗೆ ಧಾವಿಸುವುದು.

ನಮ್ಮ ದ್ವಿತೀಯ ಬಿ.ಎಸ್‌ಸಿ. ತರಗತಿಯ ಹುಡುಗನೊಬ್ಬ ಕಳೆದ ಚಳಿಗಾಲದಲ್ಲಿ ಈ ಶಿಕ್ಷಣವನ್ನು ಮುಗಿಸಿ ಬಂದ. ಮೀನುಗಾರರ ಮನೆಯವನು, ಅಳಿವೆಯನ್ನು ಅಡ್ಡಕ್ಕೆ ಈಜಬಲ್ಲವನು. ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು ಅವನೆಂದ: ‘ಕಾರ್ಡ್ ಬಂತ್ ಸಾರ್, ಧೈರ್ಯ ಬರ್ಲಿಲ್ಲ.’ ಏನು ಕೊರತೆಯಾಯಿತೆಂದು ವಿಚಾರಿಸಿದೆ. ಕಣ್ಣು ಮೂಗುಗಳನ್ನು ಮುಚ್ಚುವ ಮಾಸ್ಕನ್ನು ನೀರೊಳಗೆ ತೆಗೆದು, ಮತ್ತೆ ತೊಟ್ಟು, ಒಳಗಿನ ನೀರನ್ನು ಮೂಗಿನ ಉಸಿರಿನಿಂದ ಹೊರದೂಡುವ ಕ್ರಿಯೆಯನ್ನು ಅವನು ಮಾಡಿದ್ದುದು ಒಂದೇ ಸಲ. ಅದೂ ಮೊಣಕಾಲೂರಿ, ಶಿಕ್ಷಕನು ಭುಜ ಹಿಡಿದಿದ್ದಾಗ. ಮೂಗಿಗೆ ನೀರು ತಾಗಿದಾಗ ಬಾಯಿಯಿಂದ ಮಾತ್ರ ಉಸಿರಾಡುವುದು ಹೇಳಿದಷ್ಟು ಸುಲಭವಲ್ಲವೆಂದು ನಾನೂ ಬಲ್ಲೆ, ಏಕೆಂದರೆ ನಾನೂ ಈ ಪಾಠವನ್ನು ಕಲಿತವನು. ನನಗೆ ಮೂರನೆಯ ದಿನವೂ ಆ ಕ್ರಿಯೆ ಕೈವಶವಾಗಲಿಲ್ಲ. ಇನ್ನೊಂದು ದಿನ ಆಳವಿಲ್ಲದ ನೀರಿನಲ್ಲಿಯೇ ಅಭ್ಯಾಸ ಮಾಡುವೆನೆಂದು ಕೇಳಿದೆ. ನನ್ನ ಶಿಕ್ಷಕರು ಒಂದು ಮಾತೂ ಆಡದೆ ಒಪ್ಪಿದರು. ಆ ಒಂದು ಬೆಳಗ್ಗೆ ಹತ್ತು ಹನ್ನೆರಡು ಸಲ ಮಾಡಿದ ಮೇಲೆ ಅದು ಮುಖ ತೊಳೆದಷ್ಟು ಸಹಜವಾಯಿತು. ನನ್ನ ವಿದ್ಯಾರ್ಥಿ ಕೇಳಲಿಲ್ಲ. ಏಕೆ ಕೇಳಲಿಲ್ಲವೆಂದರೆ, ಜೊತೆಯ ಐವರು ಮುಂದೆ ಹೋಗಲು ಕಾದಿದ್ದರು, ದೋಣಿ ಹೊರಡುವ ಹೊತ್ತಾಗಿತ್ತು, ಹಣ ಕಟ್ಟಿದುದು ಮೂರು ದಿನಕ್ಕೆ. ಈ ಮೂರೂ ಕಾರಣಗಳಲ್ಲಿ ಭೌತವಿಜ್ಞಾನಕ್ಕೆ ಸಂಬಂಧಿಸಿದುದು ಒಂದೂ ಇಲ್ಲ!

ಪ್ರಾರಂಭಿಕನನ್ನು ಕಾಡುವ ಇನ್ನೊಂದು ಸಂಗತಿ, ನಿಂತಲ್ಲಿ ನಿಲ್ಲಲಾಗದಿರುವುದು. ಒಮ್ಮೆ ಮೇಲಕ್ಕೆ ತೇಲುತ್ತಾನೆ, ಒಮ್ಮೆ ತಳಕ್ಕೆ ಕುಸಿಯುತ್ತಾನೆ. ತನಗೆ ಈ ವಿದ್ಯೆ ಹತ್ತದೆಂದು ಹತಾಶನಾಗುತ್ತಾನೆ. ಇಲ್ಲಿಯೂ ದೋಷ ಅವನದಲ್ಲ, ಸಮತೋಲದ ಸ್ವಭಾವದ್ದು. ಮುಳುಗುಗಾರನು ಗಾಳಿ ತುಂಬಬಹುದಾದ ಜಾಕೆಟ್ಟನ್ನು ತೊಟ್ಟಿರುತ್ತಾನೆ. ಅವನು ಯಾವುದೋ ಕಾರಣಕ್ಕೆ ಅರ್ಧ ಮೀಟರ್ ಮೇಲೇರಿದರೆ ಸುತ್ತಣ ಒತ್ತಡ ತಗ್ಗಿ ಜಾಕೆಟ್ಟಿನ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಅವನನ್ನು ಇನ್ನಷ್ಟು ಮೇಲಕ್ಕೆತ್ತುತ್ತದೆ. ಕೆಳಗಿಳಿದರೆ ಇದರ ವಿಪರ್ಯಯ. ಕವುಚಿಟ್ಟ ಬೋಗುಣಿಯ ನೆತ್ತಿಯ ಮೇಲೆ ಗೋಲಿಯನ್ನು ನಿಲ್ಲಿಸುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ; ತರಗತಿಯಲ್ಲಿ ನಾವು ‘ಅಸ್ಥಿರ ಸಮತೋಲ’ ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುವುದು ಇದನ್ನೇ. ಇದರ ಮೇಲೆ ಉಸಿರಿನ ಆಟ ಬೇರೆ. ಅರ್ಧ ಲೀಟರ್ ಹೆಚ್ಚಿಗೆ ಎಳೆದುಕೊಂಡರೆ ಎದೆ ಅಷ್ಟು ಹಿಗ್ಗಿ ಅರ್ಧ ಕಿಲೋಗ್ರಾಮಿನಷ್ಟು ತೇಲುವ ಬಲ ಕೂಡುತ್ತದೆ. ಆದರೆ ಮೈಗೆ ಜಡತ್ವವಿರುವುದರಿಂದ ಅದರ ಫಲ ಒಂದೆರಡು ಸೆಕೆಂಡು ತಡವಾಗಿ ಕಾಣುತ್ತದೆ. ಹೊಸಬನು ಆ ತಡವನ್ನು ಅರಿಯದೆ ಇನ್ನೂ ಗಾಳಿ ತುಂಬುತ್ತಾನೆ, ಅದು ಅತಿಯಾಗುತ್ತದೆ, ಗಾಬರಿಯಿಂದ ಎಲ್ಲವನ್ನೂ ಬಿಡುತ್ತಾನೆ. ದೋಣಿಯ ಚುಕ್ಕಾಣಿಯನ್ನು ಮೊದಲ ಸಲ ಹಿಡಿದವನು ದೋಣಿಯನ್ನು ಹಾವಿನಂತೆ ಓಡಿಸುವುದು ಇದೇ ಕಾರಣದಿಂದ. ಇದು ಕೈಗೆ ಬರುವುದು ಗಂಟೆಗಳ ಅಭ್ಯಾಸದಿಂದ. ವಿವರಣೆಯಿಂದಲ್ಲ, ನನ್ನ ಈ ವಿವರಣೆಯಿಂದಲೂ ಅಲ್ಲ.

ಕೊಳದಲ್ಲಿ ಸರಿಯಾಗಿ ಮಾಡಿದವನು ಕಡಲಿನಲ್ಲಿ ತಪ್ಪುವುದಕ್ಕೆ ಇನ್ನೂ ಒಂದು ಸರಳ ಕಾರಣವಿದೆ. ಸಿಹಿನೀರಿನ ಲೀಟರಿಗೆ 1 ಕಿಲೋಗ್ರಾಮ್ ತೂಕವಾದರೆ ಕಡಲ ನೀರಿನದು ಸುಮಾರು 1.025 ಕಿಲೋಗ್ರಾಮ್. ಉಪಕರಣಸಹಿತ 90 ಲೀಟರ್ ಗಾತ್ರವಿರುವವನಿಗೆ ಕಡಲಿನಲ್ಲಿ ಎರಡು ಕಿಲೋಗೂ ಮಿಕ್ಕಿ ಹೆಚ್ಚಿನ ತೇಲುವ ಬಲ ಒದಗುತ್ತದೆ. ಮಳೆಗಾಲದ ಸೌಪರ್ಣಿಕೆಯಲ್ಲಿ ನಿಶ್ಚಲವಾಗಿ ನಿಲ್ಲುವಂತೆ ಸೀಸದ ತೂಕ ಕಟ್ಟಿಕೊಂಡವನು ಹೆದ್ದಾರಿಯನ್ನು ದಾಟಿ ಮರವಂತೆಯ ಕಡಲಿಗಿಳಿದರೆ ಮುಳುಗಲಾರ. ಕಣ್ಣೂ ಮೋಸ ಮಾಡುತ್ತದೆ: ನೀರಿನ ವಕ್ರೀಭವನಾಂಕ ಸುಮಾರು 4/3 ಆಗಿರುವುದರಿಂದ ನಾಲ್ಕಡಿ ದೂರದ ವಸ್ತು ಮೂರಡಿ ದೂರದಲ್ಲಿರುವಂತೆ ತೋರುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಬರುವುದರಿಂದ ಯಾವ ದಿಕ್ಕಿನಿಂದ ಬಂದಿತೆಂದು ಕಿವಿಗೆ ತಿಳಿಯದು. ಆ ಕಿವಿಯ ಗೋಳು ಬೇರೆ: 3 ಮೀಟರ್ ಇಳಿಯುವಷ್ಟರಲ್ಲಿ ಕಿರುಬೆರಳಿನ ಉಗುರಿನಷ್ಟೇ ಇರುವ ತಮಟೆಯ ಮೇಲೆ 180 ಗ್ರಾಮಿನಷ್ಟು ಭಾರ ಬೀಳುತ್ತದೆ, ಮೂಗು ಹಿಡಿದು ಮೆಲ್ಲನೆ ಊದಿ ಒಳಗಿನ ಒತ್ತಡವನ್ನು ಸರಿದೂಗಿಸದಿದ್ದರೆ ನೋವು, ಮುಂದುವರಿದರೆ ತಮಟೆಗೆ ಹಾನಿ. ಹೀಗೆ ಕಣ್ಣು, ಕಿವಿ, ತೂಕ, ಉಸಿರು ಎಲ್ಲವೂ ಒಂದೇ ಗಂಟೆಯಲ್ಲಿ ಹೊಸ ನಿಯಮಕ್ಕೆ ಒಳಗಾದಾಗ, ‘ನನ್ನಿಂದ ಇಷ್ಟನ್ನೂ ಒಟ್ಟಿಗೆ ನಿಭಾಯಿಸಲಾಗದು’ ಎಂದು ಮನಸ್ಸು ಹೇಳಿದರೆ ಆ ಮನಸ್ಸು ಸುಳ್ಳು ಹೇಳುತ್ತಿಲ್ಲ.

ಉಸಿರು ಸಾಲದು ಎಂಬ ಭಾವನೆಯನ್ನಂತೂ ಪ್ರತ್ಯೇಕವಾಗಿ ನೋಡಬೇಕು. ಸಿಲಿಂಡರ್ ತುಂಬಿದೆ, ಯಂತ್ರ ಸರಿಯಾಗಿದೆ, ಆದರೂ ಉಸಿರು ಕಟ್ಟಿದಂತಾಗುತ್ತದೆಂದು ಹಲವರು ಹೇಳುತ್ತಾರೆ. ಇದನ್ನು ‘ಬರಿಯ ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕುವವರು ಜಾನ್ ಸ್ಕಾಟ್ ಹಾಲ್ಡೇನನ ಕೆಲಸವನ್ನು ಓದಬೇಕು. ಉಸಿರಾಟವನ್ನು ಮುಖ್ಯವಾಗಿ ನಿಯಂತ್ರಿಸುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಕೂಡುವ ಇಂಗಾಲದ ಡೈಆಕ್ಸೈಡ್ ಎಂದು ಆತ ಪ್ರೀಸ್ಟ್ಲಿ ಎಂಬ ಸಹೋದ್ಯೋಗಿಯೊಡನೆ 1905ರಲ್ಲಿ ತೋರಿಸಿದ. ಮರುವರ್ಷ ಬ್ರಿಟಿಷ್ ನೌಕಾಪಡೆಗಾಗಿ ಮುಳುಗುಗಾರರನ್ನು ಪರೀಕ್ಷಿಸತೊಡಗಿದ. ಆ ಕಾಲದ ಮುಳುಗುಗಾರರು ತಾಮ್ರದ ಶಿರಸ್ತ್ರಾಣವನ್ನು ತೊಟ್ಟು, ಮೇಲಿನಿಂದ ಪಂಪಿನ ಮೂಲಕ ಬರುವ ಗಾಳಿಯನ್ನು ಸೇವಿಸುತ್ತಿದ್ದರು. ಆಳದಲ್ಲಿ ಸ್ವಲ್ಪ ದುಡಿದರೂ ಏದುಸಿರು ಬಂದು ಕಂಗೆಡುತ್ತಿದ್ದರು. ಹಾಲ್ಡೇನ್ ಶಿರಸ್ತ್ರಾಣದೊಳಗಿನ ಗಾಳಿಯನ್ನು ಪರೀಕ್ಷಿಸಿ, ಆಳ ಹೆಚ್ಚಿದಂತೆ ಪಂಪಿನ ಗಾಳಿ ಸಾಲದೆ ಒಳಗೆ ಇಂಗಾಲದ ಡೈಆಕ್ಸೈಡ್ ಕೂಡುತ್ತಿದೆಯೆಂದು ಕಂಡುಕೊಂಡ. ಒತ್ತಡಕ್ಕೆ ತಕ್ಕಷ್ಟು ಗಾಳಿಯನ್ನು ಒದಗಿಸಿದೊಡನೆ ಅದೇ ಮನುಷ್ಯರು ಅದೇ ಆಳದಲ್ಲಿ ನೆಮ್ಮದಿಯಾಗಿ ದುಡಿದರು. ಆ ವರ್ಷವೇ ಡ್ಯಾಮಂಟ್ ಮತ್ತು ಕ್ಯಾಟೊ ಎಂಬ ಇಬ್ಬರು ನೌಕಾಪಡೆಯವರು 210 ಅಡಿ ಆಳವನ್ನು ಮುಟ್ಟಿ ಬಂದರು. ಬದಲಾದುದು ಅವರ ಧೈರ್ಯವಲ್ಲ, ಗಾಳಿಯ ಲೆಕ್ಕ.

ಇಂದಿನ ಪ್ರಾರಂಭಿಕನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅಳುಕಿದವನು ಗಿಡ್ಡನೆಯ ಉಸಿರನ್ನು ಬೇಗ ಬೇಗ ಎಳೆಯುತ್ತಾನೆ. ಪ್ರತಿಯೊಂದು ಉಸಿರಿನಲ್ಲಿಯೂ ಸುಮಾರು 150 ಮಿಲಿಲೀಟರ್ ಗಾಳಿ ಗಂಟಲು ಮತ್ತು ಶ್ವಾಸನಾಳಗಳಲ್ಲಿಯೇ ಉಳಿದು ರಕ್ತವನ್ನು ಮುಟ್ಟುವುದಿಲ್ಲ. 300 ಮಿಲಿಲೀಟರಿನ ಉಸಿರೆಳೆದರೆ ಅರ್ಧ ವ್ಯರ್ಥ. ಒಂದು ಲೀಟರಿನ ಉಸಿರೆಳೆದರೆ ಆರರಲ್ಲಿ ಒಂದು ಪಾಲೂ ವ್ಯರ್ಥವಿಲ್ಲ. ಮೇಲಾಗಿ 10 ಮೀಟರ್ ಆಳದ ಗಾಳಿಯ ಸಾಂದ್ರತೆ ಮೇಲಿನದರ ಇಮ್ಮಡಿ. ಅದನ್ನು ಎಳೆಯುವ ಶ್ರಮವೂ ಹೆಚ್ಚು. ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಕೂಡುತ್ತದೆ, ಉಸಿರು ಸಾಲದೆನಿಸುತ್ತದೆ, ಅದರಿಂದ ಅಳುಕು ಹೆಚ್ಚುತ್ತದೆ. ಸಿಲಿಂಡರೂ ಬೇಗ ಬರಿದಾಗುತ್ತದೆ: 2200 ಲೀಟರ್ ಗಾಳಿ ನಿಮಿಷಕ್ಕೆ 20 ಲೀಟರ್ ಸೇವಿಸುವವನಿಗೆ ನೀರಿನ ಮೇಲೆ 110 ನಿಮಿಷ, 10 ಮೀಟರಿನಲ್ಲಿ 55 ನಿಮಿಷ ಬಂದರೆ, ಗಾಬರಿಯಿಂದ ಇಮ್ಮಡಿ ಸೇವಿಸುವವನಿಗೆ 27 ನಿಮಿಷವಷ್ಟೆ. ಇದಕ್ಕೆ ಮದ್ದು ಉದ್ದವಾಗಿ, ನಿಧಾನವಾಗಿ ಉಸಿರು ಬಿಡುವುದು. ‘ಹೆದರಬೇಡ’ ಎಂದು ಹತ್ತು ಸಲ ಹೇಳುವುದಕ್ಕಿಂತ ‘ಪೂರ್ತಿ ಉಸಿರು ಬಿಡು’ ಎಂದು ಒಂದು ಸಲ ಹೇಳುವುದು ಮೇಲು.

ಹಾಲ್ಡೇನನ ಮಗ ಜೆ. ಬಿ. ಎಸ್. ಹಾಲ್ಡೇನ್ ನಮಗೆ ದೂರದವನಲ್ಲ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಇವನೇ. ತಂದೆಯ ಆ 1906ರ ಪ್ರಯೋಗಗಳ ಕಾಲದಲ್ಲಿ 13 ವಯಸ್ಸಿನ ಈ ಹುಡುಗನನ್ನೂ ಸ್ಕಾಟ್ಲೆಂಡಿನ ಕಡಲಿಗೆ ಇಳಿಸಿದರು. ಉಡುಪು ದೊಡ್ಡವರ ಅಳತೆಯದು. ಮಣಿಕಟ್ಟಿನ ಬಳಿ ಬಿಗಿಯಾಗದೆ ತಣ್ಣೀರು ಒಳನುಗ್ಗಿತು. ಅವನು ಕಂಗೆಡದೆ ಗಾಳಿಯ ಒತ್ತಡವನ್ನು ಸರಿಪಡಿಸಿಕೊಂಡು ಮೇಲೆ ಬಂದನೆಂದು ಚರಿತ್ರಕಾರರು ಮೆಚ್ಚಿ ಬರೆಯುತ್ತಾರೆ. ನನಗೆ ಆ ಕಥೆಯಲ್ಲಿ ಹುಡುಗನ ಧೈರ್ಯಕ್ಕಿಂತ ಉಡುಪಿನ ಅಳತೆಯೇ ಹೆಚ್ಚು ಕಾಣುತ್ತದೆ. ಅಳತೆಗೆ ಸರಿಯಾದ ಉಡುಪು ಇದ್ದಿದ್ದರೆ ಆ ಧೈರ್ಯದ ಅಗತ್ಯವೇ ಬೀಳುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಅನುಭವಸ್ಥ ಶಿಕ್ಷಕರು ಹೇಳುವ ಒಂದು ಮಾತಿದೆ: ಎಲ್ಲರೂ ಮೊದಲು ಅಳುಕುತ್ತಾರೆ, ಅಳುಕಿದವರಿಗೆಲ್ಲ ರಜೆ ಕೊಟ್ಟರೆ ಯಾರೂ ಕಲಿಯಲಾರರು. ಇದರಲ್ಲಿ ಸತ್ಯವಿದೆ. ನೀರಿನ ಹೊಸತನದಿಂದ ಹುಟ್ಟುವ ಅಳುಕು ನೀರಿನಲ್ಲಿಯೇ ಕರಗುತ್ತದೆ; ದಡದಲ್ಲಿ ಕುಳಿತರೆ ಕರಗದು. ಹಾಗೆಂದ ಮಾತ್ರಕ್ಕೆ ಎಲ್ಲ ಅಳುಕೂ ಒಂದೇ ಜಾತಿಯದಲ್ಲ. ಇದು ಯಾವ ಬಗೆಯದೆಂದು ತಿಳಿಯಲು ಒಂದು ಉಪಾಯ ನಮ್ಮ ಪ್ರಯೋಗಶಾಲೆಯಲ್ಲಿಯೇ ಇದೆ. ಲೋಲಕದ ಆಂದೋಲನಕಾಲವನ್ನು ಒಂದೇ ಸಲ ಅಳೆದು ಬರೆದುಕೊಂಡು ಬಂದ ವಿದ್ಯಾರ್ಥಿಯ ದಾಖಲೆಪುಸ್ತಕಕ್ಕೆ ನಾವು ಸಹಿ ಹಾಕುವುದಿಲ್ಲ. ಕನಿಷ್ಠ ಮೂರು ಸಲ ಅಳೆದು ಮೂರೂ ಹೊಂದಿಕೆಯಾಗಬೇಕು. ಮಾಸ್ಕ್ ತೆಗೆದು ತೊಡುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಮರಳಿ ಪಡೆಯುವುದು, ಸಂಗಾತಿಯ ಗಾಳಿಯನ್ನು ಹಂಚಿಕೊಂಡು ಮೇಲೇರುವುದು, ಒಂದೇ ಆಳದಲ್ಲಿ ಒಂದು ನಿಮಿಷ ನಿಲ್ಲುವುದು: ಇವನ್ನು ಯಾರೂ ಹಿಡಿದುಕೊಳ್ಳದೆ ಮೂರು ಸಲ ಎಡೆಬಿಡದೆ ಮಾಡಬಲ್ಲೆಯಾದರೆ, ಉಳಿದ ಅಳುಕನ್ನು ಲೆಕ್ಕಿಸಬೇಡ, ಇಳಿ. ಮಾಡಲಾರೆಯಾದರೆ, ಅಳುಕು ನಿಜ ಹೇಳುತ್ತಿದೆ. ಇದು ನನ್ನ ಹೊಸ ಆವಿಷ್ಕಾರವೇನಲ್ಲ. ಪ್ರಮಾಣಪತ್ರ ಕೊಡುವ ದೊಡ್ಡ ಸಂಸ್ಥೆಗಳಲ್ಲೊಂದಾದ, 1966ರಲ್ಲಿ ಸ್ಥಾಪಿತವಾದ ಪಾಡಿಯ ನಿಯಮಗಳೂ, ಕ್ರಿಯೆಯು ನಿರಾತಂಕವಾಗಿ, ಸರಾಗವಾಗಿ, ಮತ್ತೆ ಮತ್ತೆ ಮಾಡುವಂತೆ ಕೈವಶವಾಗಿರಬೇಕೆಂದೇ ವಿಧಿಸುತ್ತವೆ. ನಿಯಮ ದಿನಗಳನ್ನು ಎಣಿಸುವುದಿಲ್ಲ. ದಿನಗಳನ್ನು ಎಣಿಸುವವರು ರಜೆ ಹಾಕಿ ಬಂದ ನಾವು, ದೋಣಿಯ ಬಾಡಿಗೆ ಕೊಡಬೇಕಾದ ಅವರು.

ಆದುದರಿಂದ ಹಣ ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆ ಎಷ್ಟು ಚಿತ್ರ ತೆಗೆದುಕೊಡುವಿರಿ ಎಂಬುದಲ್ಲ. ಒಬ್ಬ ಶಿಕ್ಷಕನಿಗೆ ಎಷ್ಟು ಜನ ಕಲಿಯುವವರು, ನನಗೆ ಇನ್ನೊಂದು ದಿನ ಬೇಕಾದರೆ ಏನು ಕ್ರಮ ಎಂಬುದು. ಸ್ಪಷ್ಟ ಉತ್ತರ ಕೊಡುವವರಲ್ಲಿಯೇ ಕಲಿಯುವುದು ಲೇಸು. ಆರೋಗ್ಯದ ಪ್ರಶ್ನಾವಳಿಯನ್ನು ಕೊಟ್ಟಾಗ ಉಬ್ಬಸ, ಕಿವಿಯ ಸೋರಿಕೆಗಳನ್ನು ಮುಚ್ಚಿಡದೆ ಬರೆಯಬೇಕು. ಇನ್ನೊಂದು ವಿಷಯ ನಮ್ಮ ಊರಿನ ಭೂಗೋಳಕ್ಕೆ ಸೇರಿದುದು. ಒತ್ತಡ ಹೆಚ್ಚಿದಂತೆ ದ್ರವದಲ್ಲಿ ಹೆಚ್ಚು ಅನಿಲ ಕರಗುತ್ತದೆಂಬ ಹೆನ್ರಿಯ ನಿಯಮದಂತೆ, ಮುಳುಗಿದವನ ರಕ್ತಮಾಂಸಗಳಲ್ಲಿ ಹೆಚ್ಚಿನ ಸಾರಜನಕ ಕರಗಿರುತ್ತದೆ. ಅದು ಮೆಲ್ಲಮೆಲ್ಲನೆ ಹೊರಬರಬೇಕು. ಒತ್ತಡ ಥಟ್ಟನೆ ತಗ್ಗಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಗುಳ್ಳೆಗಳೇಳುವ ಸಂಭವವಿದೆ. ಒಂದು ಮುಳುಗಿನ ಬಳಿಕ 12 ಗಂಟೆ, ಹಲವು ಮುಳುಗುಗಳ ಬಳಿಕ 18 ಗಂಟೆ ವಿಮಾನವೇರಬಾರದೆಂದು ಹೇಳುವುದು ಇದಕ್ಕಾಗಿ. ನಮ್ಮ ಹುಡುಗರು ವಿಮಾನ ಏರುವುದಿಲ್ಲ, ನಿಜ. ಆದರೆ ಬೆಳಗ್ಗೆ ನೇತ್ರಾಣಿ, ಸಂಜೆ ಕೊಲ್ಲೂರಿನ ಮೇಲಿಂದ ಕೊಡಚಾದ್ರಿ ಎಂದು ಒಂದೇ ದಿನದ ಪ್ರವಾಸ ಹಾಕಿಕೊಳ್ಳುತ್ತಾರೆ! ಕೊಡಚಾದ್ರಿಯ ಎತ್ತರ 1343 ಮೀಟರ್. ವಿಮಾನದ ಒಳಗಿನ ಗಾಳಿಯ ಒತ್ತಡವನ್ನು ಇಡುವುದೂ ಹೆಚ್ಚುಕಡಮೆ ಇಂಥ ಎತ್ತರಗಳಿಗೆ ಸರಿಯಾಗಿಯೇ. ಬೆಟ್ಟವನ್ನು ಮೊದಲು ಹತ್ತಿ, ಕಡಲನ್ನು ಆಮೇಲೆ ನೋಡಿದರೆ ಈ ತೊಡಕಿಲ್ಲ.

ಸಿದ್ಧತೆಯಿಲ್ಲವೆನಿಸುವುದಕ್ಕೆ ಭಾಷೆಯೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಪುಸ್ತಕದ ಪಾಠವನ್ನು ನಮ್ಮ ವಿದ್ಯಾರ್ಥಿ ಇಂಗ್ಲಿಷಿನಲ್ಲಿ, ಹಲವು ವೇಳೆ ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಓದುತ್ತಾನೆ; ಸರಿಯುತ್ತರಕ್ಕೆ ಗುರುತು ಹಾಕಿ ತೇರ್ಗಡೆಯಾಗುತ್ತಾನೆ. ನೀರೊಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಆ ಕೈಸನ್ನೆ ಯಾವ ಅರ್ಥವನ್ನು ಎಬ್ಬಿಸಬೇಕೋ ಅದು ಮನಸ್ಸಿನಲ್ಲಿ ತನ್ನ ನುಡಿಯಲ್ಲಿ ಮೊದಲೇ ಕೂತಿರಬೇಕಷ್ಟೆ. ದೋಣಿಯ ಮೇಲಿನ ಸೂಚನೆಯನ್ನು ಕನ್ನಡದಲ್ಲಿ ಹೇಳಿ, ಕಲಿಯುವವನ ಬಾಯಿಂದ ಕನ್ನಡದಲ್ಲಿಯೇ ಮರಳಿ ಹೇಳಿಸಿದರೆ ಐದು ನಿಮಿಷ ಹೆಚ್ಚಾದೀತು. ‘ಉಸಿರು ಕಟ್ಟಬೇಡ’ ಎಂಬುದು ಮೂರು ಪದಗಳೂ ಅಲ್ಲ.

ನಮ್ಮ ಕಾಲೇಜುಗಳ ಪಾಲೂ ಇದರಲ್ಲಿದೆ. ಬಾಯ್ಲನ ನಿಯಮಕ್ಕೆ ನಾವು ಗಾಜಿನ ನಳಿಗೆ, ಪಾದರಸಗಳನ್ನೇ ಏಕೆ ಹಿಡಿದುಕೂತಿರಬೇಕು? ಮನೆಮನೆಗೂ ಬಾವಿಯಿರುವ ನಾಡು ನಮ್ಮದು. ಸಮಗಾತ್ರದ 20 ಸೆಂಟಿಮೀಟರ್ ಎತ್ತರದ ಒಂದು ಬಾಟಲಿಯೊಳಗೆ, ಶಾಯಿಯಿಂದ ಗೆರೆ ಎಳೆದ ಕಾಗದದ ಪಟ್ಟಿಯನ್ನು ಅಂಟಿಸಿ, ಬಾಯಿ ಕೆಳಗಾಗಿ ಕಲ್ಲು ಕಟ್ಟಿ, ಹಗ್ಗದಿಂದ ನೀರಿನೊಳಗೆ 3 ಮೀಟರ್ ಇಳಿಸಿ ಮೇಲೆತ್ತಿರಿ. ಗೆರೆ ಎಲ್ಲಿಯವರೆಗೆ ಕದಡಿದೆಯೋ ಅಲ್ಲಿಯವರೆಗೆ ನೀರು ಏರಿತ್ತೆಂದು ತಿಳಿಯುತ್ತದೆ; ಅದು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಇರಬೇಕು. 1870ರ ದಶಕದಲ್ಲಿ ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, ಹಡಗಿನಿಂದ ಕಡಲಿನ ಆಳ ಅಳೆಯಲು ಬಳಸಿದ ಯಂತ್ರದ ತತ್ತ್ವವೂ ಇದೇ. ಅವನು ಗಾಜಿನ ನಳಿಗೆಯ ಒಳಮೈಗೆ ಉಪ್ಪುನೀರು ತಾಗಿದರೆ ಬಣ್ಣ ಬದಲಿಸುವ ಬೆಳ್ಳಿಯ ಲವಣವನ್ನು ಸವರಿದ್ದ. ಬಾವಿಕಟ್ಟೆಯ ಬಳಿ ಮೇಷ್ಟರೊಬ್ಬರು ನಿಂತಿರಬೇಕು, ಹಗ್ಗ ಗಟ್ಟಿಯಾಗಿರಬೇಕು, ಖರ್ಚೇನೂ ಇಲ್ಲ. ಆ ಕದಡಿದ ಗೆರೆಯನ್ನು ಕಣ್ಣಾರೆ ಕಂಡವನಿಗೆ, ಅದೇ ಗಾಳಿ ಎದೆಯೊಳಗೆ ಏನು ಮಾಡೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಜೂನಿನಿಂದ ನಾಲ್ಕು ತಿಂಗಳು ಕಡಲು ಕೆರಳಿರುತ್ತದೆ. ನೇತ್ರಾಣಿಯ ದೋಣಿಗಳು ಹೊರಡುವುದಿಲ್ಲ. ಬಾವಿಗಳು ತುಂಬಿರುವ ಕಾಲವೂ ಅದೇ. ಈ ವರ್ಷ ಕಲಿಯಬೇಕೆಂದಿರುವ ವಿದ್ಯಾರ್ಥಿಗಳಿಗೆ ಪಾಠವನ್ನು ಕನ್ನಡದಲ್ಲಿ ಓದಿಕೊಳ್ಳುವುದಕ್ಕೂ, 200 ಮೀಟರ್ ನಿಲ್ಲದೆ ಈಜುವ ಅಭ್ಯಾಸವನ್ನು ಈಜುಕೊಳದಲ್ಲಿ ಮಾಡಿಕೊಳ್ಳುವುದಕ್ಕೂ, ಮಾಸ್ಕಿನೊಳಗೆ ನೀರು ತುಂಬಿಕೊಂಡು ಬಾಯಿಯಿಂದ ಉಸಿರಾಡುವುದನ್ನು ಸ್ನಾನದ ಮನೆಯಲ್ಲಿಯೇ ರೂಢಿಸಿಕೊಳ್ಳುವುದಕ್ಕೂ ಅಕ್ಟೋಬರಿನವರೆಗೆ ಸಮಯವಿದೆ.